ಪಾದ ಎಷ್ಟು ತಿರುಚುತ್ತದೆ ಅಂತ ಅಳೆಯುವುದು ಹೇಗೆ? ಶೂಗೆ ಸೆನ್ಸರ್ ಕಟ್ಟಿ ಸುಸ್ತಾದೆ

ತೊಗರಿ_ಹುಡುಗ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಎಂಜಿನಿಯರಿಂಗ್ ಕೊನೆ ವರ್ಷ, ಪ್ರಾಜೆಕ್ಟ್ ತಲೆ ತಿನ್ನುತ್ತಿದೆ. ನನ್ನ ತಮ್ಮ ದಿನಾ ಬೆಳಿಗ್ಗೆ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಓಡುತ್ತಾನೆ. ಒಂದೇ ಕಾಲು ಎರಡು ಸಲ ಉಳುಕಿತು. ಓಡುವಾಗ ಅವನ ಪಾದ ಎಷ್ಟು ಬಾಗುತ್ತದೆ, ಎಷ್ಟು ತಿರುಚುತ್ತದೆ ಅಂತ ಅಳೆದು ನೋಡೋಣ ಎಂದು ಇದನ್ನೇ ಆರಿಸಿಕೊಂಡೆ.

ಶೂ ಹಿಂದೆ ಒಂದು, ಬೆರಳಿನ ಕಡೆ ಒಂದು, ಎರಡು ಎಂಪಿಯು 6050 (ತಿರುಗುವ ವೇಗ, ಕುಲುಕಾಟ ಅಳೆಯುವ ಸಣ್ಣ ಚಿಪ್) ಅಂಟಿಸಿದ್ದೇನೆ. ಎರಡರ ಕೋನ ಕಳೆದರೆ ತಿರುಚು ಸಿಗಬೇಕು ಅಲ್ವಾ? ಸಿಗುತ್ತಿಲ್ಲ. ಅವನು ಸುಮ್ನೆ ನಿಂತಿದ್ದರೂ ಐದು ನಿಮಿಷಕ್ಕೆ ಕಾಲು ಬೇರೆ ದಿಕ್ಕಿಗೆ ತಿರುಗಿದೆ ಅಂತ ತೋರಿಸುತ್ತದೆ. ನಡೆದರೆ ಪರವಾಗಿಲ್ಲ, ಓಡಿದ ಕೂಡಲೇ ಗ್ರಾಫಿನ ತಲೆ ಕತ್ತರಿಸಿದ ಹಾಗೆ ಮೇಲೆ ಚಪ್ಪಟೆ. ಬಾಗುವುದನ್ನು ಅಳೆಯುವ ಫ್ಲೆಕ್ಸ್ ಸೆನ್ಸರ್ ಹಾಕಿದರೆ ಸರಿಹೋಗುತ್ತಾ?

ಬಿದ್ರಿ_ಫಿಸಿಯೋ (ಬೀದರ್)

ತಮ್ಮಾ, ಸೆನ್ಸರ್ ಆಮೇಲೆ. ನೀನು ಅಳೆದಿದ್ದು ಶೂ, ಪಾದ ಅಲ್ಲ. ಶೂ ಒಳಗೆ ಹಿಮ್ಮಡಿ ಜಾರುತ್ತದೆ, ತಿರುಗುತ್ತದೆ, ಹೊರಗಿನ ರಬ್ಬರಿಗೆ ಅದು ಗೊತ್ತೇ ಆಗುವುದಿಲ್ಲ.

ಒಂದು ಪಾದದಲ್ಲಿ 26 ಎಲುಬು, 33 ಕೀಲು. ಒದ್ದೆ ಬಟ್ಟೆ ಹಿಂಡುವಾಗ ಒಂದು ಕೈ ಒಂದು ಕಡೆ, ಇನ್ನೊಂದು ಕೈ ಇನ್ನೊಂದು ಕಡೆ ತಿರುಗುತ್ತದಲ್ಲ, ಹಿಮ್ಮಡಿ ಮತ್ತು ಮುಂಗಾಲು ಹಾಗೆ. ಹಿಮ್ಮಡಿ ಕೆಳಗಿನ ಕೀಲಿನ ಅಕ್ಷ ಓರೆಯಾಗಿದೆ. ಸರಾಸರಿ ನೆಲದಿಂದ 42 ಡಿಗ್ರಿ ಮೇಲಕ್ಕೆ, ಪಾದದ ನಡುಗೆರೆಯಿಂದ 16 ಡಿಗ್ರಿ ಒಳಕ್ಕೆ. ಮನುಷ್ಯರಿಂದ ಮನುಷ್ಯರಿಗೆ ಇದು ಬಹಳ ಬದಲಾಗುತ್ತದೆ. ಅದಕ್ಕೇ ಹಿಮ್ಮಡಿ ಒಳಗೆ ವಾಲಿದರೆ ಬರೀ ವಾಲುವುದಿಲ್ಲ, ಜೊತೆಗೆ ಸ್ವಲ್ಪ ತಿರುಗುತ್ತದೆ, ಸ್ವಲ್ಪ ಮಡಚುತ್ತದೆ. ಒಂದೇ ಕೋನ ಹಿಡಿದು ಕೂತರೆ ಕಥೆ ಅರ್ಧ.

ಇವತ್ತು ಮನೆಯಲ್ಲಿ ಒಂದು ಕೆಲಸ ಮಾಡು. ತಮ್ಮನನ್ನು ನಿಲ್ಲಿಸಿ ಅವನ ಕಾಲಿನ ಹೆಬ್ಬೆರಳನ್ನು ಮೇಲಕ್ಕೆ ಎತ್ತು. ಅಂಗಾಲಿನ ಕಮಾನು ತಾನಾಗಿ ಏಳುತ್ತದೆ. ಬಾವಿಯ ರಾಟೆ ಮೇಲೆ ಹಗ್ಗ ಎಳೆದ ಹಾಗೆ, ಅಂಗಾಲಿನ ದಪ್ಪ ಪಟ್ಟಿ ಬೆರಳಿನ ಬುಡದ ಎಲುಬಿಗೆ ಸುತ್ತಿ ಬಿಗಿಯುತ್ತದೆ. ಹಿಕ್ಸ್ ಎನ್ನುವವರು 1954ರಲ್ಲೇ ಇದನ್ನು ಬರೆದಿಟ್ಟರು. ಅಂದರೆ ಬೆರಳು ಬಾಗುವುದೂ ಪಾದ ಬಿಗಿಯಾಗುವುದೂ ಬೇರೆ ಬೇರೆ ಲೆಕ್ಕ ಅಲ್ಲ.

ಲ್ಯಾಬಿನಲ್ಲಿ ಆಕ್ಸ್‌ಫರ್ಡ್ ಫುಟ್ ಮಾಡೆಲ್ ಅಂತ ಬಳಸುತ್ತಾರೆ. ಮೊಳಕಾಲ ಕೆಳಗಿನ ಭಾಗ, ಹಿಮ್ಮಡಿ, ಮುಂಗಾಲು, ಹೆಬ್ಬೆರಳು ಅಂತ ಭಾಗ ಮಾಡಿಕೊಂಡು ಚರ್ಮದ ಮೇಲೆ ಕ್ಯಾಮೆರಾಗೆ ಕಾಣುವ ಗುರುತು ಅಂಟಿಸುತ್ತಾರೆ. ಅಲ್ಲೂ ಚರ್ಮ ಎಲುಬಿನ ಮೇಲೆ ಜಾರುತ್ತದೆ. ಎಷ್ಟು ಜಾರುತ್ತದೆ ಅಂತ ನೋಡಲು ಒಪ್ಪಿದವರ ಕಾಲು ಮರಗಟ್ಟಿಸಿ ಎಲುಬಿಗೇ ಪಿನ್ ಹಾಕಿ ನಡೆಸಿದ್ದಾರೆ ಕಣೋ! ನೀನು ಹಾಗೇನೂ ಮಾಡಬೇಡ.

ಬೆಸುಗೆ_ಬ್ರದರ್ (ಕಲಬುರಗಿ)

ಮೇಲಿನ ಮಾತು ಒಪ್ಪಿದೆ, ಆದ್ರೆ ಆ ಚಪ್ಪಟೆ ಗ್ರಾಫಿಗೆ ಶೂ ಕಾರಣ ಅಲ್ಲ. ಎಂಪಿಯು 6050 ಆನ್ ಆದಾಗ ತಾನಾಗಿ ಇಟ್ಟುಕೊಳ್ಳುವ ಮಿತಿ ತಿರುಗುವುದಕ್ಕೆ ಸೆಕೆಂಡಿಗೆ 250 ಡಿಗ್ರಿ, ಕುಲುಕಾಟಕ್ಕೆ 2 ಜಿ (ಗುರುತ್ವದ ಎರಡರಷ್ಟು). ಓಡುವ ಪಾದ ಇದನ್ನು ಆರಾಮಾಗಿ ದಾಟುತ್ತದೆ. ದಾಟಿದ್ದೆಲ್ಲ ಕಟ್. ಕೋಡಿನಲ್ಲಿ 2000 ಡಿಗ್ರಿ, 16 ಜಿ ಅಂತ ಬದಲಿಸು. ಪಾದ ನೆಲದ ಮೇಲೆ ಇರುವುದೇ ಸೆಕೆಂಡಿನ ಕಾಲು ಭಾಗದ ಆಸುಪಾಸು, ನೀನು ಸೆಕೆಂಡಿಗೆ 50 ಸಲ ಓದಿದರೆ ಸಿಗುವುದು ಹನ್ನೆರಡೋ ಹದಿಮೂರೋ ಚುಕ್ಕೆ, ಅಷ್ಟರಲ್ಲಿ ತಿರುಚು ಏನು ಕಾಣುತ್ತದೆ? 200ಕ್ಕೆ ಏರಿಸು.

ನಿಂತಲ್ಲೇ ತಿರುಗಿದ ಹಾಗೆ ತೋರಿಸುವುದು ಗೈರೋದ (ಚಿಪ್‌ನಲ್ಲಿ ತಿರುಗುವ ವೇಗ ಅಳೆಯುವ ಭಾಗ) ಹಳೆ ರೋಗ. ಸಣ್ಣ ಸಣ್ಣ ತಪ್ಪು ಕೂಡುತ್ತಾ ಹೋಗುತ್ತದೆ. ವಾಲುವುದನ್ನು ಗುರುತ್ವ ನೋಡಿ ತಿದ್ದಬಹುದು, ದಿಕ್ಕನ್ನು ತಿದ್ದಲು ಈ ಚಿಪ್‌ನಲ್ಲಿ ದಿಕ್ಸೂಚಿ ಇಲ್ಲ. ಪ್ರತಿ ಹೆಜ್ಜೆಯಲ್ಲಿ ಪಾದ ಪೂರ್ತಿ ನೆಲಕ್ಕೆ ಕೂತ ಆ ಕ್ಷಣ ಹಿಡಿದು ಕೂಡಿದ ತಪ್ಪನ್ನು ಅಲ್ಲೇ ಸೊನ್ನೆ ಮಾಡು. ನಡಿಗೆಗೆ ಚೆನ್ನಾಗಿ ಆಗುತ್ತದೆ, ಓಟಕ್ಕೆ ಕಷ್ಟ, ಯಾಕಂದ್ರೆ ಆ ಕ್ಷಣವೇ ಸರಿಯಾಗಿ ಸಿಗುವುದಿಲ್ಲ.

ಫ್ಲೆಕ್ಸ್ ಸೆನ್ಸರ್ ಬಾಗುವುದಕ್ಕೆ ಮಾತ್ರ. ತಿರುಚಿದರೂ ಅದರ ರೀಡಿಂಗ್ ಅಲ್ಲಾಡುತ್ತದೆ, ಯಾವುದು ಯಾವುದು ಅಂತ ಬಿಡಿಸಲು ಆಗುವುದಿಲ್ಲ. ಹೆಬ್ಬೆರಳಿನ ಬುಡಕ್ಕೆ ಒಂದು ಹಾಕು, ಸಾಕು.

ತೊಗರಿ_ಹುಡುಗ (ಕಲಬುರಗಿ)

ಅಯ್ಯೋ, 250 ಅಂತಲೇ ಇತ್ತು! ಹದಿನೈದು ದಿನ ವೈರು ಬದಲಿಸಿದ್ದೇ ಬಂತು. ಥ್ಯಾಂಕ್ಸ್ ಅಣ್ಣಾ. ಆದ್ರೆ ಫಿಸಿಯೋ ಸರ್, ಶೂ ಬಿಟ್ಟು ಪಾದವನ್ನೇ ಅಳೆಯೋಣ, ಬರಿಗಾಲಲ್ಲಿ ಓಡು ಅಂದರೆ ತಮ್ಮ ಒಪ್ಪುತ್ತಿಲ್ಲ. ನಮ್ಮೂರ ಬಿಸಿಲು ಗೊತ್ತಲ್ಲ, ಒಂಬತ್ತಕ್ಕೇ ನೆಲ ಹಂಚಾಗಿರುತ್ತದೆ.

ಸುರಪುರದವಳು (ಯಾದಗಿರಿ ಜಿಲ್ಲೆ)

ಹಳೆ ಶೂ ತಗೊಂಡು ಹಿಂದೆ ಕಿಟಕಿ ಕೊರೆಯಿರಿ, ಸೆನ್ಸರನ್ನು ಹಿಮ್ಮಡಿಯ ಚರ್ಮಕ್ಕೇ ಅಂಟಿಸಬಹುದು. ಲ್ಯಾಬಿನವರೂ ಶೂಗೆ ತೂತು ಮಾಡಿಯೇ ಚರ್ಮಕ್ಕೆ ಗುರುತು ಅಂಟಿಸುತ್ತಾರೆ. ತೂತು ಜಾಸ್ತಿ ದೊಡ್ಡದಾದರೆ ಹಿಮ್ಮಡಿ ಹಿಡಿಯುವ ಪಟ್ಟಿಯೇ ಸಡಿಲ, ಆಮೇಲೆ ಅದು ಬೇರೆ ಶೂ ಆಗಿಬಿಡುತ್ತದೆ. ನಮ್ಮದು ಚಪ್ಪಲಿ ಅಂಗಡಿ, ಅದಕ್ಕೇ ಹೇಳುತ್ತಿದ್ದೇನೆ. ಮೇಲಿನ ಅಂಚು ಮಾತ್ರ ಮುಟ್ಟಬೇಡಿ.

ಸೆನ್ಸರ್ ಜೊತೆ ಮೊಬೈಲಿನ ಸ್ಲೋ ಮೋಷನ್ ಕೂಡ ಇರಲಿ, ಸೆಕೆಂಡಿಗೆ 240 ಫ್ರೇಮ್ ಇದ್ದರೆ ಒಳ್ಳೆಯದು. ಹಿಮ್ಮಡಿ ಮೇಲೆ ಒಂದು ಗೆರೆ, ಮೀನಖಂಡದ ಮೇಲೆ ಒಂದು ಗೆರೆ. ಫೋನನ್ನು ಹಿಂದೆ ನೇರಕ್ಕೆ, ಹಿಮ್ಮಡಿಯ ಎತ್ತರಕ್ಕೇ ಇಡಿ. ಪಾದ ಹೊರಗೆ ತಿರುಗಿದ್ದರೆ ಆ ಕೋನ ನಂಬಬೇಡಿ. ಚಪ್ಪಲಿ ಹಿಮ್ಮಡಿಯ ಹೊರಗಡೆ ಸವೆದಿದೆ ಅಂತ ಹೆದರಿ ಬರುವ ಗಿರಾಕಿಗಳು ಬೇಕಾದಷ್ಟು. ಹೆಚ್ಚಿನವರ ಕಾಲು ಅಲ್ಲೇ ಮೊದಲು ನೆಲ ಮುಟ್ಟುತ್ತದೆ, ಅದು ರೋಗ ಅಲ್ಲ.

ಬಿದ್ರಿ_ಫಿಸಿಯೋ (ಬೀದರ್)

ಅಕ್ಕ ಹೇಳಿದ್ದು ಸರಿ. ಇನ್ನೊಂದು ಮಾತು, ಉಳುಕಿದ ಕಾಲನ್ನು ಮಾತ್ರ ಅಳೆಯಬೇಡ. ಎರಡೂ ಕಾಲು ಅಳೆ. ಸೆನ್ಸರ್ ಬಿಚ್ಚಿ ಮತ್ತೆ ಅಂಟಿಸಿ ಅದೇ ನಡಿಗೆ ಇನ್ನೊಮ್ಮೆ ಅಳೆ. ಎರಡು ಸಲದ ನಡುವೆ ಐದು ಡಿಗ್ರಿ ವ್ಯತ್ಯಾಸ ಬಂದರೆ, ಎರಡು ಕಾಲಿನ ನಡುವಿನ ಮೂರು ಡಿಗ್ರಿ ವ್ಯತ್ಯಾಸಕ್ಕೆ ಏನೂ ಅರ್ಥ ಇಲ್ಲ.

ತೊಗರಿ_ಹುಡುಗ (ಕಲಬುರಗಿ)

ಮಿತಿ ಬದಲಿಸಿದೆ, ಗ್ರಾಫಿಗೆ ತಲೆ ಬಂತು. ಅಂಟಿಸಿ ಬಿಚ್ಚಿ ಮೂರು ಸಲ ಅಳೆದರೆ ಏಳು ಡಿಗ್ರಿ ಆಚೀಚೆ. ಬೆವರಿಗೆ ಟೇಪು ನಿಲ್ಲುತ್ತಿಲ್ಲ. ಚರ್ಮಕ್ಕೆ ಯಾವ ಟೇಪು ಹಚ್ಚುತ್ತೀರಿ ಸರ್? ಕಿಟಕಿ ಕೊರೆಯಲು ನನ್ನ ಹಳೆ ಶೂನೇ ತೆಗೆದುಕೊಂಡೆ, ಅವನದು ಮುಟ್ಟಿದರೆ ಮನೆ ಬಿಡಬೇಕಾಗುತ್ತದೆ.