ಬಿಎಂಐ 43 ಇದ್ದರೂ ಕ್ಲೇಮ್ ಪಾಸ್ ಮಾಡಿದ್ದು ತಪ್ಪಾ?

ಪ್ರಶ್ನೆ: ಮೇಡಂ, ಬೆಂಗಳೂರಿನಲ್ಲಿ ಕೂತು ಅಮೆರಿಕದ ಆಸ್ಪತ್ರೆ ಬಿಲ್‌ಗಳನ್ನು ನೋಡುವ ಕೆಲಸ ನನ್ನದು. ಕೋಡಿಂಗ್‌ನಿಂದ (ಕಾಯಿಲೆ, ಚಿಕಿತ್ಸೆಗಳಿಗೆ ಬಿಲ್ ಕೋಡ್ ಹಾಕುವ ಕೆಲಸ) ಆಡಿಟ್‌ಗೆ ಬಂದು ಎರಡೇ ತಿಂಗಳು. ಒಂದು ಮೆಡಿಕೇರ್ (ಮುಖ್ಯವಾಗಿ ಹಿರಿಯರಿಗಾಗಿ ಇರುವ ಅಮೆರಿಕ ಸರ್ಕಾರದ ಆರೋಗ್ಯ ವಿಮೆ) ಕ್ಲೇಮ್ ಬಂತು, ತೂಕ ಇಳಿಸಲು ಹೊಟ್ಟೆಯ ಜಠರವನ್ನು ಚಿಕ್ಕದು ಮಾಡುವ ಸ್ಲೀವ್ ಸರ್ಜರಿ. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 43, ಸರ್ಜನ್ 'ಮಾರ್ಬಿಡ್ ಒಬೆಸಿಟಿ', ಅಂದರೆ ತೀವ್ರ ಬೊಜ್ಜು, ಅಂತಲೇ ಬರೆದಿದ್ದಾರೆ. ಕೋಡ್ ಎಲ್ಲ ಸರಿ. ಪಾಸ್ ಮಾಡಿದೆ. ನಮ್ಮ ಕೆಲಸ ಪರೀಕ್ಷಿಸುವ ಕ್ವಾಲಿಟಿಯವರು ನನಗೇ ಎರರ್ ಹಾಕಿದರು. 40 ದಾಟಿದರೆ ಬೇರೆ ಕಾಯಿಲೆ ಇರಬೇಕಿಲ್ಲ ಅಲ್ವಾ?

ಉತ್ತರ: ಅದು ಎಷ್ಟೋ ಖಾಸಗಿ ಇನ್ಶೂರೆನ್ಸ್‌ಗಳ ಲೆಕ್ಕ. ಮೆಡಿಕೇರ್‌ನಲ್ಲಿ ನಡೆಯುವುದಿಲ್ಲ. 2006ರಿಂದ ಇರುವ ರಾಷ್ಟ್ರೀಯ ನಿಯಮ ಮೂರನ್ನೂ ಒಟ್ಟಿಗೆ ಕೇಳುತ್ತದೆ. ಬಿಎಂಐ 35 ಅಥವಾ ಜಾಸ್ತಿ, ಬೊಜ್ಜಿನ ಜೊತೆ ಬರುವ ಇನ್ನೊಂದು ಕಾಯಿಲೆ, ಮೊದಲು ಬೊಜ್ಜಿಗೆ ಚಿಕಿತ್ಸೆ ಮಾಡಿಸಿಯೂ ಫಲ ಸಿಗದಿರುವುದು. ಬಿಎಂಐ 43 ಇರಲಿ, 53 ಇರಲಿ, ಇನ್ನೊಂದು ಕಾಯಿಲೆ ದಾಖಲೆಯಲ್ಲಿ ಇರಲೇಬೇಕು. ಕೋಡ್ ಸರಿ ಇದ್ದ ಮಾತ್ರಕ್ಕೆ ದುಡ್ಡು ಕೊಡಬಹುದು ಅಂತಲ್ಲ. ಕೋಡಿಂಗ್‌ನಿಂದ ಬಂದವರು ಎಡವುವುದೇ ಇಲ್ಲಿ. ನಾನೂ ಎಡವಿದ್ದೆ.

ಪ್ರಶ್ನೆ: ಔಷಧಿ ಪಟ್ಟಿಯಲ್ಲಿ ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ಇದೆ. ಶುಗರ್ ಇದೆ ಅಂತ ಹಿಡಿಯಬಹುದಾ?

ಉತ್ತರ: ಬೇಡ. ಮೆಟ್‌ಫಾರ್ಮಿನ್ ಪಿಸಿಓಎಸ್‌ಗೂ (ಹೆಂಗಸರ ಒಂದು ಹಾರ್ಮೋನ್ ತೊಂದರೆ) ಕೊಡುತ್ತಾರೆ. ಟೈಪ್ 2 ಡಯಾಬಿಟಿಸ್ ಖಂಡಿತ ಲೆಕ್ಕಕ್ಕೆ ಬರುತ್ತದೆ, 2009ರಲ್ಲೇ ಸ್ಪಷ್ಟ ಮಾಡಿದ್ದಾರೆ. ಆದರೆ ಡಾಕ್ಟರ್ ಬರೆದಿರಬೇಕು. ಬಿಎಂಐ ಸಂಖ್ಯೆ ನರ್ಸ್ ಬರೆದದ್ದಾದರೂ ನಡೆಯುತ್ತದೆ, ಕಾಯಿಲೆ ಹೆಸರು ನಡೆಯಲ್ಲ. ಸರ್ಜನ್ ನೋಟ್ ಒಂದನ್ನೇ ನೋಡಿ ನಿಲ್ಲಿಸಬೇಡಿ. ಅನಸ್ತೇಶಿಯಾದವರು ಸರ್ಜರಿಗೆ ಮುಂಚೆ ಬರೆದದ್ದನ್ನು, ಫ್ಯಾಮಿಲಿ ಡಾಕ್ಟರ್ ಪತ್ರವನ್ನು ತೆಗೆದು ನೋಡಿ.

ಹಾಗೇ ಬಿಎಂಐಯನ್ನೂ ಒಮ್ಮೆ ನೀವೇ ಲೆಕ್ಕ ಹಾಕಿ. ಪೌಂಡ್ ತೂಕವನ್ನು 703ರಿಂದ ಗುಣಿಸಿ, ಇಂಚು ಎತ್ತರದ ವರ್ಗದಿಂದ ಭಾಗಿಸಿ. 250 ಪೌಂಡ್, 64 ಇಂಚು ಅಂದರೆ 42.9. ಚಾರ್ಟ್‌ನಲ್ಲಿ ಎತ್ತರ ತಪ್ಪಾಗಿ ಬಿದ್ದಿರುವುದೂ ಉಂಟು.

ಇನ್ನೊಂದು ಮಾತು. ಸ್ಲೀವ್‌ಗೆ ದುಡ್ಡು ಕೊಡಬೇಕಾ ಅನ್ನುವುದನ್ನು 2012ರ ಜೂನ್‌ನಿಂದ ಆಯಾ ಪ್ರದೇಶದ ಮೆಡಿಕೇರ್ ಕಾಂಟ್ರಾಕ್ಟರ್‌ಗೆ (ಮೆಡಿಕೇರ್ ಪರವಾಗಿ ಕ್ಲೇಮ್ ನೋಡುವ ಕಂಪನಿ) ಬಿಟ್ಟಿದ್ದಾರೆ. ಅವರವರ ಷರತ್ತು ಬೇರೆ ಬೇರೆ. ಆಸ್ಪತ್ರೆ ಯಾವ ರಾಜ್ಯದ್ದು, ಅಲ್ಲಿ ಯಾರು ಕಾಂಟ್ರಾಕ್ಟರ್ ಅಂತ ನೋಡದೆ ಫೈಲ್ ತೆರೆಯಲೇಬೇಡಿ.

ಪ್ರಶ್ನೆ: ಸಿಕ್ಕಿತು ಮೇಡಂ! ಅನಸ್ತೇಶಿಯಾ ನೋಟ್‌ನಲ್ಲಿ ಸ್ಲೀಪ್ ಅಪ್ನಿಯಾ (ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ಕಾಯಿಲೆ) ಇದೆ. ಆದರೆ ಹಿಂದೆ ಮಾಡಿಸಿದ ಚಿಕಿತ್ಸೆ ಬಗ್ಗೆ ಒಂದು ಸಾಲೂ ಇಲ್ಲ.

ಉತ್ತರ: ಹಾಗಾದರೆ ಮೂರನೆಯ ಷರತ್ತಿಗೆ ದಾಖಲೆ ಇಲ್ಲ; ಎರರ್ ನಿಮ್ಮದೇ, ಒಪ್ಪಿಕೊಳ್ಳಿ. ಸರ್ಜರಿಗೆ ಮುಂಚಿನ ಕ್ಲಿನಿಕ್ ದಾಖಲೆ ಕೇಳಿ ತರಿಸಿ. ಆದರೆ ಈಗ ಹೊಸದಾಗಿ ಬರೆಸಿ ಸೇರಿಸಿದ್ದನ್ನು ತೆಗೆದುಕೊಳ್ಳಲೇಬೇಡಿ.