ಬೋರ್‌ವೆಲ್ ನೀರಿನಲ್ಲಿ ಪೆಟ್ರೋಲ್ ವಾಸನೆ: ಯಾರ ಯಾರ ಮನೆಯಲ್ಲಿದೆ, ತಿಳಿಸಿ

ಮೂಲೆ ಮನೆ, 2ನೇ ಅಡ್ಡರಸ್ತೆ:
ಎಲ್ಲರಿಗೂ ನಮಸ್ಕಾರ. ತುಮಕೂರಿನ ನಮ್ಮ ಬಡಾವಣೆಯಲ್ಲಿ ಹೇಮಾವತಿ ನೀರು ಬಿಡದ ದಿನಗಳಲ್ಲಿ ನಮಗೆ ಬೋರ್‌ವೆಲ್ಲೇ ಗತಿ. ಕಳೆದ ವಾರದ ಮಳೆಯ ನಂತರ ಆ ನೀರಿಗೆ ಪೆಟ್ರೋಲ್ ವಾಸನೆ ಬಂದಿದೆ. ಬಿಂದಿಗೆ ತುಂಬುವಾಗಲೇ ಮೂಗಿಗೆ ಬಡಿಯುತ್ತದೆ. ಬೇರೆ ಯಾರಿಗಾದರೂ ಹೀಗಾಗಿದೆಯೇ?

ಶಾಲೆಯ ಹಿಂದಿನ ಮನೆ:
ನಮ್ಮಲ್ಲೂ ಇದೆ ಅಕ್ಕ. ಸಂಪ್ ಮುಚ್ಚಳ ತೆಗೆದರೆ ತಲೆ ಸುತ್ತುತ್ತದೆ. ಫಿಲ್ಟರ್ ರಿಪೇರಿಯವರು ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಾಂಶ) ನೋಡಿ, ನೀರು ಚೆನ್ನಾಗಿದೆ ಎಂದು ಹೇಳಿ ಹೋದರು. ಕುದಿಸಿ ಕುಡಿಯುತ್ತಿದ್ದೇವೆ.

ರಸಾಯನಶಾಸ್ತ್ರ ಮೇಷ್ಟ್ರು (ನಿವೃತ್ತ):
ಮೊದಲು ಕುಡಿಯುವುದನ್ನೂ ಕುದಿಸುವುದನ್ನೂ ನಿಲ್ಲಿಸಿ, ತಾಯಿ. ಪೆಟ್ರೋಲಿನಲ್ಲಿರುವ ಬೆಂಜೀನ್ ಕಾಯಿಸಿದರೆ ಆವಿಯಾಗಿ ಅಡುಗೆಮನೆಯ ಗಾಳಿಗೆ ಸೇರುತ್ತದೆ. ಅದು ರಕ್ತದ ಕ್ಯಾನ್ಸರ್ ತರುವ ವಸ್ತು. ಬಿಸಿನೀರಿನ ಸ್ನಾನಕ್ಕೂ ಆ ನೀರು ಬೇಡ. ಸಂಪಿನ ಹತ್ತಿರ ಬೆಂಕಿಕಡ್ಡಿ ಗೀರಬೇಡಿ.

ಟಿಡಿಎಸ್ ಮೀಟರ್ ನೋಡುವುದು ನೀರು ಎಷ್ಟು ವಿದ್ಯುತ್ ಹರಿಸುತ್ತದೆ ಎಂಬುದನ್ನು ಮಾತ್ರ; ಲವಣಗಳ ಅಂದಾಜು ಸಿಗುವುದು ಅದರಿಂದ. ಬೆಂಜೀನ್ ಅದಕ್ಕೆ ಕಾಣುವುದೇ ಇಲ್ಲ. ಗಡಸುತನ, ಫ್ಲೋರೈಡ್ ನೋಡುವ ಮಾಮೂಲಿ ಪರೀಕ್ಷೆಯೂ ಸಾಲದು. ಬೆಂಜೀನ್, ಟಾಲ್ವೀನ್, ಖನಿಜ ತೈಲ ಎಂದು ಹೆಸರು ಹೇಳಿಯೇ ಬರೆಸಬೇಕು. ಕುಡಿಯುವ ನೀರಿನ ಭಾರತೀಯ ಮಾನದಂಡವಾದ ಐಎಸ್ 10500ರಲ್ಲಿ ಖನಿಜ ತೈಲದ ಮಿತಿ ಲೀಟರಿಗೆ 0.5 ಮಿಲಿಗ್ರಾಂ. ಬೆಂಜೀನ್‌ಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವುದು ಲೀಟರಿಗೆ ಬರೀ 0.01 ಮಿಲಿಗ್ರಾಂ.

3ನೇ ಅಡ್ಡರಸ್ತೆ, ಮಹಡಿ ಮನೆ:
ನಮ್ಮ ಬಡಾವಣೆಯ ಪೆಟ್ರೋಲ್ ಬಂಕಿನ ಟ್ಯಾಂಕೇ ಸೋರುತ್ತಿದೆ, ಇನ್ನೇನು ಅನುಮಾನ? ವಸತಿಯಿಂದ 50 ಮೀಟರ್ ದೂರವಿರಬೇಕೆಂಬ ನಿಯಮವಿದೆ. ನಾಳೆಯೇ ಬಂಕ್ ಮುಂದೆ ಕುಳಿತುಕೊಳ್ಳೋಣ.

ಮೇಷ್ಟ್ರು:
ನಿಮ್ಮ ಸಿಟ್ಟು ನನಗೂ ಇದೆ. ಆದರೆ ಆ ಮಾರ್ಗಸೂಚಿಯನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಹೊರಡಿಸಿದ್ದು ಹೊಸ ಬಂಕ್‌ಗಳಿಗೆ. ನಮ್ಮದು ಹಳೆಯದು, ಅದನ್ನು ಹಿಡಿದು ಹೋದರೆ ಮೊದಲ ಮಾತಿಗೇ ಸೋಲುತ್ತೇವೆ. ತುಮಕೂರಿನ ನೆಲದಡಿ ಇರುವುದು ಬಂಡೆ, ನೀರು ಹರಿಯುವುದು ಅದರ ಬಿರುಕುಗಳಲ್ಲಿ. ಪಕ್ಕದ ಮನೆಯ ಬೋರ್‌ವೆಲ್ ಚೆನ್ನಾಗಿದ್ದು ಎರಡು ಬೀದಿ ಆಚೆಯದು ಕೆಡಬಹುದು. ಆದ್ದರಿಂದ ವಾಸನೆಯಿಲ್ಲದ ಮನೆಗಳ ನೀರೂ ಬೇಕು. ಎಲ್ಲಿಂದ ಎಲ್ಲಿಯವರೆಗೆ ಹರಡಿದೆ ಎಂಬುದು ನಕ್ಷೆಯ ಮೇಲೆ ಕಂಡರೆ ಯಾರೂ ತಳ್ಳಿಹಾಕಲಾರರು.

ಮೂಲೆ ಮನೆ:
ಹಾಗಾದರೆ ಭಾನುವಾರ ಬೆಳಿಗ್ಗೆ 7ಕ್ಕೆ ಮಾದರಿ ತೆಗೆಯೋಣ. ಪ್ಲಾಸ್ಟಿಕ್ ಬಾಟಲಿ ಬೇಡವೇ ಮೇಷ್ಟ್ರೇ?

ಮೇಷ್ಟ್ರು:
ಬೇಡ. ಪ್ರಯೋಗಾಲಯದವರೇ ಕೊಡುವ ಗಾಜಿನ ಸೀಸೆ. ಗುಳ್ಳೆ ಉಳಿಯದಂತೆ ಕಂಠಪೂರ್ತಿ ತುಂಬಿ, ಐಸ್ ಪೆಟ್ಟಿಗೆಯಲ್ಲಿಟ್ಟು, ಬೇಗ ತಲುಪಿಸಬೇಕು. ಬಂಕಿನವರು ದಿನವೂ ಟ್ಯಾಂಕಿಗೆ ಡಿಪ್ ಕಡ್ಡಿ (ಅಳತೆ ಕಡ್ಡಿ) ಇಳಿಸಿ ಅಳೆದು ದಾಸ್ತಾನು ಬರೆದಿಡುತ್ತಾರೆ; ಟ್ಯಾಂಕ್ ಸೋರುತ್ತಿದ್ದರೆ ಅದರಲ್ಲಿ ಕೊರತೆ ಕಾಣಬಹುದು. ಆ ಲೆಕ್ಕಕ್ಕೆ ನಾನು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುತ್ತೇನೆ. ಸೋಮವಾರ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೆ ಮನವಿ, ಸಹಿ ಎಲ್ಲರದ್ದೂ.

3ನೇ ಅಡ್ಡರಸ್ತೆ, ಮಹಡಿ ಮನೆ:
ಸರಿ ಸರ್. ಕಾರು ನನ್ನದು, ಸೀಸೆಗಳನ್ನು ನಾನೇ ಒಯ್ಯುತ್ತೇನೆ. ನಮ್ಮ ನೀರಿಗೆ ವಾಸನೆಯಿಲ್ಲ. ಪಟ್ಟಿಯಲ್ಲಿ ಮೊದಲ ಹೆಸರು ನಮ್ಮದೇ ಬರೆಯಿರಿ.