ಅಪ್‌ಡೇಟ್: ಲ್ಯಾಂಬ್ ಬರ್ಗರ್ ಈ ಸಲ ಒಡೆಯಲಿಲ್ಲ

ಹೋದ ವಾರ ಕೇಳಿದ್ದೆನಲ್ಲ, ಗ್ರಿಲ್ ಮೇಲಿಟ್ಟ ಕೂಡಲೇ ಲ್ಯಾಂಬ್ ಬರ್ಗರ್ ಪುಡಿಪುಡಿ ಆಗತ್ತೆ, ಮೊಸರಿನ ಸಾಸ್ ನೀರಾಗತ್ತೆ, ಏನ್ ಮಾಡ್ಲಿ ಅಂತ. ಜುಲೈ 4ರ ರಜೆಗೆ ಇಲ್ಲೇ ಡಲ್ಲಾಸ್‌ನಲ್ಲಿ, ನಮ್ಮ ಹಿತ್ತಲಲ್ಲಿ 12 ಜನಕ್ಕೆ ಮಾಡಿದೆ. ಮುಕ್ಕಾಲು ಪಾಲು ಗೆದ್ದೆ.

ತಪ್ಪು ನನ್ನದೇ. ಈರುಳ್ಳಿನ ಹಾಗೇ ಹೆಚ್ಚಿ ಹಾಕ್ತಿದ್ದೆ. ಈ ಸಲ ನೀವು ಹೇಳಿದ ಹಾಗೆ ತುರಿದು, ಹಿಂಡಿ ರಸ ತೆಗೆದೆ. ಖೀಮಾಗೆ ಹುರಿದು ಕುಟ್ಟಿದ ಜೀರಿಗೆ, ಕೊತ್ತಂಬರಿ ಬೀಜ, ಚಿಟಿಕೆ ಚಕ್ಕೆ ಪುಡಿ, ಪುದೀನ. ತಟ್ಟಿ, ನಡುವೆ ಹೆಬ್ಬೆರಳಲ್ಲಿ ಸಣ್ಣ ಗುಳಿ ಒತ್ತಿ, ಒಂದು ಗಂಟೆ ಫ್ರಿಜ್ಜಲ್ಲಿಟ್ಟೆ. ಉಪ್ಪು ಮಾತ್ರ ಗ್ರಿಲ್ಲಿಗೆ ಹಾಕೋ ಹೊತ್ತಿಗೆ, ಮೇಲಿಂದ. ಮೊದಲೇ ಕಲಸಿದ್ರೆ ಮಾಂಸ ರಬ್ಬರಿನ ಹಾಗೆ ಬಿಗಿಯತ್ತೆ. ಒಳಗೆ 71 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮೇಲೇ ಇಳಿಸಿದೆ.

ಮೊಸರನ್ನ ಶ್ರೀಖಂಡಕ್ಕೆ ಕಟ್ಟೋ ಹಾಗೆ ರಾತ್ರಿಯೇ ಬಟ್ಟೇಲಿ ಕಟ್ಟಿ ಫ್ರಿಜ್ಜಲ್ಲಿಟ್ಟಿದ್ದೆ. ಹಿಂಡಿದ ಸೌತೆಕಾಯಿ ತುರಿ, ಜಜ್ಜಿದ ಬೆಳ್ಳುಳ್ಳಿ ಸೇರಿಸಿದೆ. ಅತ್ತೆ ರುಚಿ ನೋಡಿ, "ಒಗ್ಗರಣೆ ಇಲ್ಲದ ಮೊಸರುಬಜ್ಜಿ ಅಷ್ಟೇ ಕಣಮ್ಮ" ಅಂದ್ರು. ಸರಿಯಾಗೇ ಹೇಳಿದ್ರು ಬಿಡಿ.

ಮುಕ್ಕಾಲು ಅಂದಿದ್ದು ಯಾಕೆ ಅಂದ್ರೆ, ಮೊದಲ ನಾಲ್ಕು ಸೀದು ಹೋದವು. ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಉರಿ ಎದ್ದಿತ್ತು. ಆಮೇಲೆ ಕೆಂಡ ಒಂದು ಬದಿಗೆ ತಳ್ಳಿ, ಇನ್ನೊಂದು ಬದೀಲಿ ಬೇಯಿಸಿದೆ. ಸೀದವನ್ನ ನಮ್ಮ ಯಜಮಾನರು ಸಾಸ್ ಬಳಿದುಕೊಂಡು ತೆಪ್ಪಗೆ ತಿಂದ್ರು.